ಹಿಂಡಿ, ಎಣ್ಣೆ ಮತ್ತು ನೂರು ಕಿಲೋ ಬೆಲ್ಟು

ಇದು ಆಗೂದಿಲ್ಲ ಅಂತ ಮೊದಲು ಹೇಳಿದವರು ಕಾರ್ಖಾನೆಯ ಡಾಕ್ಟರು. ಎರಡನೆಯವರು ಕ್ಯಾಂಟೀನಿನ ಅಡುಗೆ ಮೇಸ್ತ್ರಿ. ಮೂರನೆಯವರು ಮುಕಾದಮರ ಹೆಂಡತಿ. ನಾಲ್ಕನೆಯವರು ಸ್ವತಃ ಮುಕಾದಮರು. ಇಷ್ಟು ಮಂದಿ ಒಂದೇ ಮಾತಿಗೆ ತಲೆಯಾಡಿಸಿದ್ದನ್ನು ಆ ಕಾರ್ಖಾನೆಯಲ್ಲಿ ನಾನು ಮುಂದೆ ಎಂದೂ ನೋಡಲಿಲ್ಲ.

ಆಗೂದಿಲ್ಲ ಅಂದದ್ದು ಮುಕಾದಮರ ತೂಕ ಇಳಿಸುವ ಕೆಲಸಕ್ಕೆ.

ವಾಡಿ ಕಡೆಯ ಒಂದು ಸಿಮೆಂಟ್ ಕಾರ್ಖಾನೆ ಅದು. ಸುಣ್ಣದಕಲ್ಲಿನ ಪುಡಿಯನ್ನು ಕಾಯಿಸುವ ದೊಡ್ಡ ಗೋಪುರ ಒಂದಿದೆ. ಊರಿನ ಯಾವ ಮೂಲೆಯಲ್ಲಿ ನಿಂತರೂ ಕಾಣುತ್ತದೆ. ಅದರ ಹೊಟ್ಟೆಯೊಳಗೆ ಪುಡಿ ಗಟ್ಟಿಯಾಗಿ ಕಟ್ಟಿಕೊಂಡರೆ, ಕೊಳವೆ ಬಿರುಕು ಬಿಟ್ಟರೆ ಮೇಲೆ ಹತ್ತಿ ದುರಸ್ತಿ ಮಾಡುವ ಗುಂಪಿನ ಯಜಮಾನರೇ ನಮ್ಮ ಮುಕಾದಮರು. ಹತ್ತುವವರೆಲ್ಲ ಮೈಗೆ ಸುರಕ್ಷೆಯ ಬೆಲ್ಟು ಕಟ್ಟಿಕೊಳ್ಳಬೇಕು. ಆ ಬೆಲ್ಟಿನ ತಾಕತ್ತು ನೂರು ಕಿಲೋ. ಮನುಷ್ಯ, ಬೂಟು, ಹೆಲ್ಮೆಟು, ಸೊಂಟದ ಸಲಕರಣೆ ಚೀಲ ಎಲ್ಲಾ ಸೇರಿ ನೂರು. ಮುಕಾದಮರು ಬರಿಮೈಯಲ್ಲೇ ನೂರಾ ಮೂರು ಇದ್ದರು. ಹಾಗಾಗಿ ಎತ್ತರದ ಕೆಲಸದ ಪಾಸು ರದ್ದಾಗಿತ್ತು. ಸಂಕ್ರಾಂತಿ ಆದಮೇಲೆ ಮತ್ತೆ ತಪಾಸಣೆ. ಅಷ್ಟರೊಳಗೆ ಬರಿಮೈ ತೂಕ ತೊಂಬತ್ತನಾಲ್ಕಕ್ಕೆ ಇಳಿಯಬೇಕು, ಇಲ್ಲದಿದ್ದರೆ ಕಾಯಂ ಆಗಿ ನೆಲದ ಕೆಲಸ.

"ನೆಲದ ಕೆಲಸ ಅಂದ್ರ ಏನು ಮಾಡೂದ್ರಿ ಅಣ್ಣಾರ?" ಅಂತ ನಾನು ಮೊದಲ ದಿನ ಕೇಳಿದೆ.

"ಕೆಳಗ ನಿಂತು ಮ್ಯಾಲಿನವರಿಗೆ 'ಹುಷಾರ್, ಹುಷಾರ್' ಅಂತ ಒದರೂದು. ಅದೂ ಒಂದು ಕೆಲಸಾ ಏನ್ರಿ? ನಾ ಹತ್ತಾಕ ಕಲಿಸಿದ ಹುಡುಗುರು ಮ್ಯಾಲ, ನಾ ಕೆಳಗ. ನಿನ್ನೆ ಒಬ್ಬ ಮ್ಯಾಲಿಂದ ಕೂಗ್ಯಾನ, 'ಮುಕಾದಮ್ ಸಾಬ್, ಇಲ್ಲಿಂದ ಕಾಗಿಣಾ ಹೊಳಿ ಭಾಳ ಚಂದ ಕಾಣಾಕತ್ತಾದ' ಅಂತ. ಕಲ್ಲು ತಗೊಂಡು ಒಗಿಬೇಕನಿಸ್ತು."

ಆರು ತಿಂಗಳ ಒಪ್ಪಂದದ ಮೇಲೆ ನಾನು ಅಲ್ಲಿಗೆ ಆಹಾರ ಸಲಹೆಗಾರಳಾಗಿ ಸೇರಿದ್ದೆ. ಶಹಾಬಾದದಿಂದ ಬೆಳಿಗ್ಗೆ ರೈಲಿಗೆ ಬಂದು ಸಂಜೆ ರೈಲಿಗೆ ಹೋಗುತ್ತಿದ್ದೆ. ನೆಲಕ್ಕೆ ಹಾಸುವ ಪರಸಿ ಕಲ್ಲಿನ ಖಣಿಯಲ್ಲಿ ದುಡಿದವರ ಮನೆ ನಮ್ಮದು. ಆ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು ನಾನು. ಅದನ್ನು ನಾನು ಯಾರ ಮುಂದೆಯೂ ಸಣ್ಣ ದನಿಯಲ್ಲಿ ಹೇಳುವುದಿಲ್ಲ. ಡಾಕ್ಟರ ಮುಂದೆಯೂ ಗಟ್ಟಿಯಾಗಿಯೇ ಹೇಳಿದೆ.

"ನೋಡಮ್ಮ," ಅಂದರು ಡಾಕ್ಟರು. ಒಳ್ಳೆಯ ಮನುಷ್ಯ, ಆದರೆ ದಣಿದಿದ್ದರು. "ಎರಡು ವರ್ಷದಿಂದ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಈ ಕಡೆಯ ಮಂದಿ ಎಲ್ಲಾ ಬಿಡ್ತಾರೆ, ಊಟ ಬಿಡಲ್ಲ."

"ಊಟ ಬಿಡಸಾಕ ನಾ ಬಂದಿಲ್ರಿ ಸರ್. ಉಣಸಾಕ ಬಂದೀನಿ," ಅಂದೆ. ಹೇಳಿದ ಮೇಲೆ ನನಗೇ ಸ್ವಲ್ಪ ಜಾಸ್ತಿ ಆಯಿತು ಅನ್ನಿಸಿತು.

ಕೆಲಸ ಶುರುವಾದದ್ದು ಗಣೇಶ ಚವತಿ ಮುಗಿದ ವಾರ. ಮೊದಲು ಅಳತೆ: ಎತ್ತರ, ತೂಕ, ಸೊಂಟದ ಸುತ್ತಳತೆ, ರಕ್ತದೊತ್ತಡ, ಸಕ್ಕರೆ. ಪ್ರತಿ ಸೋಮವಾರ ಬೆಳಿಗ್ಗೆ, ನಾಷ್ಟಾಕ್ಕೆ ಮುಂಚೆ, ಅದೇ ತಕ್ಕಡಿ, ಅದೇ ಬಟ್ಟೆ. ಈ ನಿಯಮ ಹೇಳಿದ್ದೇ ತಡ, ಮುಕಾದಮರು ವಾಚು ಬಿಚ್ಚಿದರು, ಕಿಸೆಯಿಂದ ಕೀಲಿಗೊಂಚಲು ತೆಗೆದಿಟ್ಟರು, ಆಮೇಲೆ ಬಾಗಿಲ ಕಡೆ ನೋಡಿ ಮೆಲ್ಲಗೆ ಕೇಳಿದರು: "ಉಡದಾರ ಬೆಳ್ಳೀದು ಅದರಿ. ತೆಗಿಲೇನು?"

"ಬ್ಯಾಡ್ರಿ. ಉಡದಾರದ ತೂಕ ಮಾಫ್."

ಎರಡನೆಯದು, ಹಿಂದಿನ ದಿನ ಎದ್ದಾಗಿನಿಂದ ಮಲಗುವವರೆಗೆ ಏನೇನು ಬಾಯಿಗೆ ಹೋಯಿತು ಅಂತ ಕೇಳುವುದು. ಇದರಲ್ಲಿ ಅವಸರ ನಡೆಯುವುದಿಲ್ಲ. "ಚಾ ಎಷ್ಟು?" ಅಂದರೆ ಎಲ್ಲರೂ "ಎರಡ್ರಿ" ಅನ್ನುತ್ತಾರೆ. "ಗೇಟಿನ ಹೊರಗಿನ ಹೋಟೆಲಿನಾಗ?" ಅಂದರೆ ಇನ್ನೆರಡು ಬರುತ್ತವೆ. "ಯಾರರೆ ಕುಡಿಸಿದ್ದು?" ಅಂದರೆ ಮತ್ತೆರಡು. ದುಡ್ಡು ಕೊಟ್ಟು ಕುಡಿದದ್ದಷ್ಟೇ ಚಾ. ಇನ್ನೊಬ್ಬರು ಕುಡಿಸಿದ್ದು ಮರ್ಯಾದೆ. ಹೀಗೆ ಕೆದಕಿ ಕೆದಕಿ ಮುಕಾದಮರ ದಿನ ನನ್ನ ಕೈಗೆ ಬಂತು. ಬೆಳಿಗ್ಗೆ ಮನೆಯಲ್ಲಿ ರೊಟ್ಟಿ, ಹತ್ತು ಗಂಟೆಗೆ ಮಿರ್ಚಿ ಭಜಿ, ಮಧ್ಯಾಹ್ನ ಕ್ಯಾಂಟೀನಿನಲ್ಲಿ ಗುಡ್ಡದಂಥ ಅನ್ನ, ದಿನವಿಡೀ ಸಕ್ಕರೆ ಪಾಕದಂಥ ಚಾ, ರಾತ್ರಿ ಮತ್ತೆ ಮನೆಯಲ್ಲಿ ರೊಟ್ಟಿ.

ಭಜಿ ವಾರಕ್ಕೊಮ್ಮೆ ಅಂತ ಮಾಡಿದೆವು. ಚಾಕ್ಕೆ ಸಕ್ಕರೆ ಅರ್ಧ. ಕ್ಯಾಂಟೀನಿನಲ್ಲಿ ಮೊದಲು ಪಲ್ಯ, ಬೇಳೆ, ಹಸಿ ಸೌತೆಕಾಯಿ. ಆಮೇಲೆ ಅನ್ನ, ಅದೂ ಒಂದೇ ಸೌಟು. ಅಡುಗೆ ಮೇಸ್ತ್ರಿಗೆ ಬೇಳೆಯ ಮೇಲೆ ತೇಲುವ ಎಣ್ಣೆ ಕಡಿಮೆ ಮಾಡಿ ಅಂದಾಗ ಅವರು ಸೌಟನ್ನೇ ನನ್ನ ಕೈಗೆ ಕೊಡಲು ಬಂದರು.

"ತಗೋರಿ ಮೇಡಮ್, ನೀವೇ ಮಾಡ್ರಿ. ಒಗ್ಗರಣಿ ಇಲ್ಲದ ಬ್ಯಾಳಿ ಅಂದ್ರ ಹಳದಿ ನೀರು. ನಾಳಿ ಮಂದಿ ನನ್ನ ಮುಖಕ್ಕ ಉಗುಳ್ತಾರ."

"ಬಳ್ಳೊಳ್ಳಿ ಎರಡರಷ್ಟು ಹಾಕ್ರಿ, ಜೀರಿಗಿ ಹಾಕ್ರಿ, ಎಣ್ಣಿ ಅರ್ಧ ಹಾಕ್ರಿ. ಉಗುಳಿದ್ರ ನನ್ನ ಹೆಸರು ಹೇಳ್ರಿ."

ಯಾರೂ ಉಗುಳಲಿಲ್ಲ. ಮೊದಲ ತಿಂಗಳಲ್ಲಿ ಮುಕಾದಮರು ಮೂರು ಕಿಲೋ ಇಳಿದರು. ತಕ್ಕಡಿಯಿಂದ ಕೆಳಗಿಳಿದು ಅವರು ನನಗೆ ಸೆಲ್ಯೂಟ್ ಹೊಡೆದರು. ಸಂಜೆ ರೈಲಿನಲ್ಲಿ ನಾನು ಕಿಟಕಿಯ ಹತ್ತಿರ ರಾಣಿಯ ಹಾಗೆ ಕೂತು ಮನೆಗೆ ಹೋದೆ.

ಆಮೇಲೆ ತಕ್ಕಡಿಯ ಮುಳ್ಳು ನಿಂತುಬಿಟ್ಟಿತು.

ದಸರೆ ಬಂತು, ಹೋಯಿತು. ಸೋಮವಾರದ ಮೇಲೆ ಸೋಮವಾರ ಅದೇ ನೂರು. ಒಂದು ವಾರ ಅರ್ಧ ಕಿಲೋ ಏರಿತು ಕೂಡ. ನಾನು ಎಲ್ಲವನ್ನೂ ಮತ್ತೆ ಮೊದಲಿನಿಂದ ಕೇಳಿದೆ. ಭಜಿ ಇಲ್ಲ. ಚಾ ಸರಿಯಾಗಿದೆ. ಕ್ಯಾಂಟೀನು ನನ್ನ ಕಣ್ಣೆದುರೇ ಇದೆ. ಮನೆಯಲ್ಲಿ?

"ಮುಂಜಾನಿ ಎರಡು ರೊಟ್ಟಿ, ಪಲ್ಯ. ರಾತ್ರಿ ಎರಡು ರೊಟ್ಟಿ, ಪಲ್ಯ, ಬ್ಯಾಳಿ. ನಮ್ಮವ್ವನ ಮ್ಯಾಲ ಆಣಿ ಮಾಡಿ ಹೇಳ್ತೀನ್ರಿ."

"ಎಣ್ಣಿ ತಿಂಗಳಿಗೆ ಎಷ್ಟು ತರ್ತೀರಿ?"

"ಎರಡು ಪಾಕೀಟು. ಐದು ಮಂದಿಗೆ."

ಅದು ಹೆಚ್ಚೇನಲ್ಲ. ಕಡಿಮೆಯೇ. ನನ್ನ ಲೆಕ್ಕದ ಪ್ರಕಾರ ಅವರು ಇಳಿಯಲೇಬೇಕಿತ್ತು.

ಡಾಕ್ಟರು ಮುಖವೆತ್ತದೆ ಹೇಳಿದರು: "ಸುಳ್ಳು ಹೇಳ್ತಿದ್ದಾನೆ ಅಮ್ಮ. ಎಲ್ಲರೂ ಹೇಳ್ತಾರೆ. ರೊಟ್ಟಿ ಒಂದಕ್ಕೆ ಇಳಿಸು."

ರೊಟ್ಟಿ ಒಂದಕ್ಕೆ ಇಳಿಸುವುದು ಸುಲಭ. ಆದರೆ ದಿನವಿಡೀ ಕಬ್ಬಿಣ ಎತ್ತುವ ಮನುಷ್ಯ ಅರೆಹೊಟ್ಟೆಯಲ್ಲಿ ಎಷ್ಟು ದಿನ ನಿಂತಾನು? ಒಂದು ತಿಂಗಳು ತಡೆದು, ಎರಡನೆಯ ತಿಂಗಳು ಎಲ್ಲವನ್ನೂ ಬಡ್ಡಿಸಮೇತ ಉಣ್ಣುತ್ತಾನೆ. ತಲೆಸುತ್ತು ಬಂದರಂತೂ ಪಾಸಿನ ಮಾತೇ ಇಲ್ಲ. ಅವತ್ತು ಆಸ್ಪತ್ರೆ ಕೋಣೆಯ ಹೊರಗಿನ ಬೆಂಚಿನ ಮೇಲೆ ಮುಕಾದಮರು ಹೆಲ್ಮೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಹತ್ತದ ಮನುಷ್ಯನಿಗೆ ಆ ಹೆಲ್ಮೆಟ್ಟು ಬೇಕಿರಲಿಲ್ಲ, ಆದರೂ ತಂದಿದ್ದರು.

"ಬಿಡ್ರಿ ಮೇಡಮ್ಮ, ನನ್ನ ಮೈಯಿ ಹಿಂಗs. ನಮ್ಮಪ್ಪನೂ ಹಿಂಗs ಇದ್ದ," ಅಂದರು.

ನಾನು ಅಲ್ಲೇ ತೀರ್ಮಾನ ಮಾಡಿದೆ. ಈ ಮನುಷ್ಯ ಸುಳ್ಳು ಹೇಳುತ್ತಿಲ್ಲ ಅಂತ ಹಿಡಿದುಕೊಂಡು ಹೋಗುವುದು. ಅವರು ಹೇಳುವುದೂ ಖರೆ, ತಕ್ಕಡಿ ಹೇಳುವುದೂ ಖರೆ ಅಂದರೆ, ನಾನು ಕೇಳದೇ ಇರುವುದು ಏನೋ ಒಂದು ಇದೆ.

"ಅಣ್ಣಾರ, ರವಿವಾರ ನಿಮ್ಮ ಮನಿಗೆ ಊಟಕ್ಕ ಬರ್ತೀನಿ."

ಅವರ ಮುಖ ಅರಳಿತು. "ಹೋಳಿಗಿ ಮಾಡಸ್ತೀನ್ರಿ!"

"ಅಯ್ಯೋ ಮಾರಾಯರ, ದಿನಾ ಉಣ್ಣೂದs ಮಾಡಸ್ರಿ."

ಅವರ ಮನೆ ನಾಲವಾರದಲ್ಲಿ, ಸ್ಟೇಷನ್ನಿನಿಂದ ನಡೆದುಹೋಗುವಷ್ಟು ದೂರ. ನಾನು ಚೀಲದಲ್ಲಿ ಅಡುಗೆಮನೆಯಲ್ಲಿ ತೂಗುವ ಸಣ್ಣ ಕಾಟಾ ಇಟ್ಟುಕೊಂಡು ಹೋದೆ. ಹೆಂಡತಿ ಬಾಗಿಲಲ್ಲೇ ನಿಂತಿದ್ದರು. ಗಟ್ಟಿ ದನಿ, ದುಂಡು ಮುಖ, ನಗುವಾಗ ಮೈಯೆಲ್ಲಾ ನಗುತ್ತದೆ.

"ಬರ್ರಿ, ಬರ್ರಿ. ನೀವೇನ್ರಿ ನಮ್ಮವರ ತೂಕ ಇಳಿಸಾಕಿ? ಇಷ್ಟು ಸಣ್ಣ ಹುಡುಗಿ! ಲಗ್ನ ಆಗಿ ಇಪ್ಪತ್ತು ವರ್ಷ ಆತು, ನನ್ನ ಕೈಲೆ ಒಂದು ಪಾವು ಇಳಿಸಾಕ ಆಗಿಲ್ಲ. ಕುಂದ್ರಿ."

"ನೀವು ಇಳಿಸಾಕ ನೋಡಿದ್ರೇನ್ರಿ ವೈನಿ?" ಅಂದೆ. ಅವರು ಅಣ್ಣಾರಾದರೆ ಹೆಂಡತಿ ವೈನಿ, ಅತ್ತಿಗೆ.

"ಇಲ್ಲ ಬಿಡ್ರಿ, ಯಾಕ ನೋಡ್ಲಿ?" ಅಂತ ಬಿದ್ದು ಬಿದ್ದು ನಕ್ಕರು.

ತಟ್ಟೆ ಬಂತು. ಖಡಕ್ ರೊಟ್ಟಿ ಎರಡೇ. ಪುಂಡಿಪಲ್ಯ, ತೊಗರಿಬೇಳೆ, ಹಸಿ ಉಳ್ಳಾಗಡ್ಡಿ. ಮುಕಾದಮರು ಹೇಳಿದ್ದು ಅಕ್ಷರಕ್ಕೆ ಅಕ್ಷರ ಸರಿ. ನಾನು ರೊಟ್ಟಿ ಮುರಿದೆ. ಅಷ್ಟರಲ್ಲಿ ವೈನಿ ಎರಡೂ ತಟ್ಟೆಯ ಅಂಚಿಗೆ ಶೇಂಗಾ ಹಿಂಡಿ ಹಾಕಿದರು. ಕಾರ ಹಾಕಿ ಕುಟ್ಟಿದ ಪುಡಿ, ಒಂದು ಮುಷ್ಟಿ. ಮುಕಾದಮರು ಹೆಬ್ಬೆರಳಿನಿಂದ ಅದರ ನಡುವೆ ಒಂದು ಕುಣಿ ತೋಡಿದರು. ನನ್ನ ಹೆಬ್ಬೆರಳೂ ತಾನಾಗಿಯೇ ಕುಣಿ ಮಾಡಿತು; ನಮ್ಮ ಮನೆಯಲ್ಲೂ ಹೀಗೆಯೇ. ವೈನಿ ಹಿತ್ತಾಳೆ ಗಿಂಡಿ ತಂದು ಆ ಕುಣಿಯೊಳಗೆ ಎಣ್ಣೆ ಬಿಟ್ಟರು. ಕುಸುಬಿ ಎಣ್ಣೆ, ಬಂಗಾರದ ಬಣ್ಣ, ಘಮ ಅಂತಿತ್ತು. ನಾನು ಕೂಡಲೇ ಅಂಗೈ ಅಡ್ಡ ಹಿಡಿದೆ. ಮುಕಾದಮರು ಹಿಡಿಯಲಿಲ್ಲ. ಎಣ್ಣೆ ಕುಣಿ ತುಂಬಿತು, ದಂಡೆ ಒಡೆಯಿತು, ತಟ್ಟೆಗೆ ಹರಿಯಿತು, ಆಮೇಲೆ "ಹ್ಞಾಂ" ಅಂದರು. ಎರಡನೆಯ ರೊಟ್ಟಿಗೆ ಗಿಂಡಿ ಮತ್ತೆ ಬಂತು.

ನಾನು ತುತ್ತು ನುಂಗುವುದನ್ನು ಮರೆತು ನೋಡುತ್ತಿದ್ದೆ.

"ವೈನಿ, ಈ ಎಣ್ಣಿ ಎಲ್ಲೀದು? ಪಾಕೀಟಿಂದೇನ್ರಿ?"

"ಥೂ, ಪಾಕೀಟಿಂದು ಒಲಿ ಮ್ಯಾಲಿನ ಅಡಿಗಿಗೆ. ಇದು ನಮ್ಮ ತವರಿಂದು, ಆಡಕಿ ಊರಿಂದು. ನಮ್ಮಪ್ಪ ಹೊಲದಾಗಿನ ಕುಸುಬಿ ಗಾಣಕ್ಕ ಹಾಕಿಸಿ ಡಬ್ಬಿಗಟ್ಟಲೆ ಕಳಸ್ತಾನ."

"ಅಣ್ಣಾರ, ಇದನ್ನ ನೀವು ನನಗ ಹೇಳಲೇ ಇಲ್ಲಲ್ರಿ!"

ಮುಕಾದಮರು ನಿಜವಾಗಿಯೂ ಬೆರಗಾದರು. "ನೀವು ತಿಂದದ್ದು ಕೇಳಿದ್ರಿ. ಇದು ಹಚಗೊಳ್ಳೂದಲ್ರಿ?"

ಅಲ್ಲಿತ್ತು ನೋಡಿ. ನಮ್ಮ ಕಡೆ ರೊಟ್ಟಿ ಊಟ, ಪಲ್ಯ ಊಟ. ಹಿಂಡಿ, ಎಣ್ಣೆ ಊಟವಲ್ಲ, ಹಚ್ಚಿಕೊಳ್ಳುವುದು. ಅದನ್ನು ಯಾರೂ ಎಣಿಸುವುದಿಲ್ಲ. ತಿಂಗಳಿಗೆ ಎಷ್ಟು ತರುತ್ತೀರಿ ಅಂತ ಕೇಳಿದೆ, ಅಂಗಡಿಯಿಂದ ತಂದದ್ದು ಹೇಳಿದರು. ಇದು ತರುವ ಎಣ್ಣೆಯಲ್ಲ, ಬರುವ ಎಣ್ಣೆ. ಇದೇ ಹಿಂಡಿ ಉಂಡು ಬೆಳೆದ ನನಗೂ ಅದನ್ನು ಬೇರೆಯಾಗಿ ಕೇಳಬೇಕು ಅಂತ ಹೊಳೆದಿರಲಿಲ್ಲ.

ಊಟ ಮುಗಿದ ಮೇಲೆ ಚೀಲದಿಂದ ಕಾಟಾ ತೆಗೆದೆ. "ವೈನಿ, ಗಿಂಡಿ ಜರಾ ಕೊಡ್ರಿ, ತೂಗತೀನಿ. ಆಮ್ಯಾಲ ಅಣ್ಣಾರಿಗೆ ಬಿಟ್ಟಷ್ಟು ಒಂದು ವಾಟಿಗೆ ಬಿಡ್ರಿ. ಮತ್ತ ತೂಗೂಣು."

ಅವರ ನಗು ನಿಂತಿತು. "ನಮ್ಮ ತವರಿನ ಎಣ್ಣಿಗೆ ಕಾಟಾ ಹಚ್ಚತೀರಿ?"

ಮುಕಾದಮರು ಛಾವಣಿ ನೋಡತೊಡಗಿದರು. ಆಮೇಲೆ ಅವರೇ ಮೆಲ್ಲಗೆ ಅಂದರು: "ಅದಕ್ಕs ನಾ ಲಗೂನ ಸಾಕು ಅನ್ನೂದಿಲ್ರಿ. ಎಣ್ಣಿ ಸಾಕಂದ್ರ ಮಾವಗ ಸಾಕಂದಂಗ."

ನಾನು ವೈನಿಯ ಪಕ್ಕದಲ್ಲಿ ಒಲೆಯ ಹತ್ತಿರ ಹೋಗಿ ಕೂತೆ. "ಎಣ್ಣಿ ಕೆಟ್ಟದ್ದಂತ ನಾ ಅನ್ನಾಕತ್ತಿಲ್ರಿ ವೈನಿ. ಎಷ್ಟು ಅಂತ ನೋಡೂಣು, ಅಷ್ಟ."

"ಗಾಣದ ಎಣ್ಣಿ ಮೈಗೆ ಹತ್ತಂಗಿಲ್ಲ. ಬಾಟ್ಲಿದು, ಪಾಕೀಟಿಂದು ಹತ್ತತದ."

"ಗಾಣದ್ದಾಗ್ಲಿ, ಪಾಕೀಟಿಂದಾಗ್ಲಿ, ಗ್ರಾಮಿಗೆ ಒಂಬತ್ತು ಕ್ಯಾಲೊರೀನೇ. ರುಚಿ ಬ್ಯಾರೆ, ತೂಕ ಒಂದs."

ಕೊನೆಗೆ ಕೊಟ್ಟರು. ಒಂದು ಹೊತ್ತಿಗೆ ಐವತ್ತು ಗ್ರಾಮಿನ ಮೇಲೆ ಬಂತು. ನಾನು ಬುಟ್ಟಿಯಿಂದ ನಾಲ್ಕು ಖಡಕ್ ರೊಟ್ಟಿ ತೆಗೆದು ವಾಟಿಯ ಪಕ್ಕ ಪೇರಿಸಿದೆ. "ಈ ನಾಕು ರೊಟ್ಟಿ, ಈ ವಾಟಿ, ಎರಡೂ ಸಮ. ಅಣ್ಣಾರು ಎರಡು ರೊಟ್ಟಿ ಉಂಡೀನಿ ಅಂತಾರ, ಮೈ ಆರು ಉಂಡೀನಿ ಅಂತದ."

ವೈನಿ ರೊಟ್ಟಿ ನೋಡಿದರು, ವಾಟಿ ನೋಡಿದರು, ಗಂಡನ ಹೊಟ್ಟೆ ನೋಡಿದರು. "ನಾಕು ರೊಟ್ಟಿ ತಿಂದ್ರ ಹೊಟ್ಟಿ ತುಂಬತದ. ಇದು ಎಲ್ಲಿ ಹೋಗತದ, ಗೊತ್ತs ಆಗಂಗಿಲ್ಲ."

"ಅದs ನೋಡ್ರಿ ಇದರ ಕಾರಭಾರ."

ತವರಿನ ಎಣ್ಣೆ ನಿಲ್ಲಿಸಿ ಅಂತ ನಾನು ಹೇಳಲಿಲ್ಲ. ಹೇಳಿದ್ದರೆ ಅವತ್ತೇ ನನ್ನ ಕೆಲಸ ಮುಗಿಯುತ್ತಿತ್ತು. ಬದಲಿಗೆ ಪಾಕೀಟಿನ ಎಣ್ಣೆ ನಿಲ್ಲಿಸಿ ಅಂದೆ. ಒಗ್ಗರಣೆ, ಪಲ್ಯ, ಬೇಳೆ ಎಲ್ಲಕ್ಕೂ ಆಡಕಿಯ ಎಣ್ಣೆಯೇ. ಬೆಳಿಗ್ಗೆ ಒಮ್ಮೆ ಒಂದು ಸಣ್ಣ ವಾಟಿಗೆ ಅಳೆದು ತೆಗೆದಿಡುವುದು. ಐದು ಮಂದಿಯ ಇಡೀ ದಿನದ ಅಡುಗೆ ಅದರಲ್ಲೇ ಮುಗಿಯಬೇಕು. ಹಿಂಡಿಯ ಕುಣಿಗೆ ಮಾತ್ರ ಎಣ್ಣೆ ಬೇಡ, ಮನೆಯ ಎಮ್ಮೆಯ ಮೊಸರು, ಕೆನೆ ತೆಗೆದದ್ದು. ಹಿಂಡಿಯೂ ಮುಷ್ಟಿಯಲ್ಲ, ಎರಡು ಚಮಚ. ಸಾಲದಿದ್ದರೆ ಮೂರನೆಯ ರೊಟ್ಟಿ ಉಣ್ಣಲಿ, ಪಲ್ಯ ಎರಡರಷ್ಟು ಉಣ್ಣಲಿ, ಹಸಿ ಮೆಂತೆಪಲ್ಯ ಬೇಕಾದಷ್ಟು.

"ರೊಟ್ಟಿ ಜಾಸ್ತಿ ಕೊಡಾಕ ಬಂದ ಡಾಕ್ಟರನ್ನ ಇವತ್ತs ನೋಡಿದೆ," ಅಂದರು ಮುಕಾದಮರು.

"ನಾ ಡಾಕ್ಟರ್ ಅಲ್ರಿ."

"ಹಂಗಾದ್ರ ಅದಕ್ಕs ಕೊಡಾಕತ್ತೀರಿ."

ವೈನಿ ಎಲ್ಲರಿಗಿಂತ ಮೊದಲು ಹಿಡಿದುಕೊಂಡದ್ದು ಬೇರೆ ಮಾತು. "ಅಂದ್ರ ಇನ್ನ ಮ್ಯಾಲ ಅಂಗಡಿ ಎಣ್ಣಿ ಮನ್ಯಾಗ ಬರಂಗಿಲ್ಲ. ಪೂರಾ ನಮ್ಮಪ್ಪಂದs." ದನಿಯಲ್ಲಿ ಗೆಲುವಿತ್ತು.

ಡಾಕ್ಟರಿಗೆ ವಿಷಯ ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿದರು. "ನಮ್ಮ ಮನೆಯಲ್ಲೂ ಹಾಗೇ ಹಾಕ್ಕೋತೀವಲ್ಲಮ್ಮ," ಅಂದರು. ರೊಟ್ಟಿ ಒಂದಕ್ಕೆ ಇಳಿಸುವ ಮಾತು ಅಲ್ಲಿಗೆ ನಿಂತಿತು.

ದೀಪಾವಳಿಯ ನಂತರ ಮುಳ್ಳು ಕದಲಿತು. ಓಡಲಿಲ್ಲ, ವಾರಕ್ಕೆ ಅರ್ಧ ಕಿಲೋ, ಕೆಲವು ವಾರ ಅದಕ್ಕಿಂತ ತುಸು ಹೆಚ್ಚು. ನನಗೆ ಬೇಕಾದದ್ದು ಅದೇ ವೇಗ. ಹಸಿವಾಗುತ್ತದೆಯೇ ಅಂತ ಪ್ರತಿ ಸೋಮವಾರ ಕೇಳುತ್ತಿದ್ದೆ. ಇಲ್ಲ ಅನ್ನುತ್ತಿದ್ದರು. ರಕ್ತದೊತ್ತಡ ಇಳಿಯಿತು. ಪ್ಯಾಂಟು ಸಡಿಲಾಗಿ, ಅದರ ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದುಕೊಂಡು ಬಂದು ಎಲ್ಲರಿಗೂ ತೋರಿಸಿದರು. ಕ್ಯಾಂಟೀನಿನಲ್ಲಿ ಅವರ ಹುಡುಗರು, "ಮುಕಾದಮ್ ಸಾಬ್, ಹಿಂಗs ಆದ್ರ ಮಗಳ ಲಗ್ನದಾಗ ನಿಮ್ಮನ್ನೇ ಮದುಮಗ ಅಂತಾರ" ಅಂತ ಕಾಡಿಸಿದರು. "ಮದುಮಗ ಆದ್ರೂ ಆಗ್ತೀನಿ, ನಿಮ್ಮ ತಲಿ ಮ್ಯಾಲ ಹತ್ತೂದು ಬಿಡಂಗಿಲ್ಲ" ಅಂದರು ಇವರು.

ತಪಾಸಣೆಗೆ ಇನ್ನು ಸ್ವಲ್ಪ ದಿನ ಇದೆ ಅನ್ನುವಾಗ ಎಳ್ಳಮಾವಾಸ್ಯೆ ಬಂತು. ನಮ್ಮ ಕಡೆ ಅವತ್ತು ಮನೆಯಲ್ಲಿ ಯಾರೂ ಉಣ್ಣುವುದಿಲ್ಲ, ಎಲ್ಲರೂ ಹೊಲದಲ್ಲಿ. ಮುಕಾದಮರ ಹೊಲಕ್ಕೆ ನನಗೂ ಕರೆ ಬಂದಿತ್ತು. ಜೋಳ ಎದೆಯ ಮಟ್ಟ ನಿಂತಿತ್ತು. ಚಾಪೆ ಹಾಸಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಅಂಬಲಿ, ದೊಡ್ಡ ಪಾತ್ರೆಯ ತುಂಬ ಭಜ್ಜಿ ಇಟ್ಟಿದ್ದರು. ಇದು ಎಣ್ಣೆಯಲ್ಲಿ ಕರಿಯುವ ಭಜಿ ಅಲ್ಲ. ಹಸಿ ತೊಗರಿ, ಕಡಲೆ, ಅವರೆ, ಹತ್ತಾರು ಸೊಪ್ಪು ಕೂಡಿಸಿ ಕುದಿಸುವ ಪಲ್ಯ. ಅದನ್ನು ನೋಡಿ ನಾನು ಮುಕಾದಮರಿಗೆ ಒಂದೇ ಮಾತು ಹೇಳಿದ್ದೆ: "ಭಜ್ಜಿ ಹೊಟ್ಟಿ ತುಂಬ ಹೊಡೀರಿ. ಹೋಳಿಗಿ ಒಂದು. ಹಬ್ಬ ಪೂರಾ ಮಾಡ್ರಿ."

ಆದರೆ ಮಾವ ಬಂದಿದ್ದರು, ಆಡಕಿಯಿಂದ, ಹೊಸ ಎಣ್ಣೆಯ ಡಬ್ಬಿ ಹೆಗಲ ಮೇಲೆ ಹೊತ್ತುಕೊಂಡು. ಎತ್ತರದ ಮುದುಕ, ದೊಡ್ಡ ರುಮಾಲು. ಅಳಿಯನ ತಟ್ಟೆ ನೋಡಿದರು. ಹಿಂಡಿಯ ಮೇಲೆ ಮೊಸರು.

"ಇದೇನು, ಮಕ್ಕಳ ಊಟ? ತಾ ಇಲ್ಲಿ." ತಾವೇ ಗಿಂಡಿ ಎತ್ತಿದರು.

ಮುಕಾದಮರ ಕೈ ಮೇಲೆ ಏಳಲಿಲ್ಲ. ಏಳುವುದಿಲ್ಲ ಅಂತ ನನಗೂ ಗೊತ್ತಿತ್ತು. ಇಪ್ಪತ್ತು ವರ್ಷ ಎದ್ದಿಲ್ಲ. ಒಂದು ಹೊತ್ತಿನ ಎಣ್ಣೆಯಿಂದ ತೂಕ ಏರುವುದಿಲ್ಲ, ಅದು ನನಗೆ ತಿಳಿದದ್ದೇ. ಆದರೆ ಇವತ್ತು ಸುರಿದರೆ ನಾಳೆಯೂ ಸುರಿಯುತ್ತದೆ. ನಾನು ಹೊರಗಿನವಳು, ಬಾಯಿ ಹಾಕುವಂತಿಲ್ಲ. ಗಿಂಡಿ ಬಾಗಿತು.

ವೈನಿ ತಮ್ಮ ಅಂಗೈಯನ್ನು ಗಂಡನ ತಟ್ಟೆಯ ಮೇಲೆ ಅಡ್ಡ ಇಟ್ಟರು. ಎಣ್ಣೆಯ ಮೊದಲ ಹನಿ ಅವರ ಬಳೆಯ ಮೇಲೆ ಬಿತ್ತು.

"ಯಪ್ಪಾ, ಸಾಕು."

"ಯಾಕವ್ವಾ? ನನ್ನ ಎಣ್ಣಿ ಸೇರವಲ್ದೇನು?"

"ಸೇರಿದ್ದು ಭಾಳ ಆಗ್ಯಾದ. ನಿನ್ನ ಎಣ್ಣಿ ಈ ಭಜ್ಜಿ ಒಳಗ ಅದ, ಬ್ಯಾಳ್ಯಾಗ ಅದ, ಅಂಗಡಿ ಎಣ್ಣಿ ಮನ್ಯಾಗ ಕಾಲಿಟ್ಟು ಎರಡು ತಿಂಗಳಾತು. ತಟ್ಟಿ ಮ್ಯಾಲ ಬ್ಯಾಡ. ಇವರು ಮ್ಯಾಲ ಹತ್ತಬೇಕು. ಹಗ್ಗ ಹರದ್ರ ನಿನ್ನ ಎಣ್ಣಿ ಡಬ್ಬಿ ಹಿಡೀತಾದೇನು?"

ಮುದುಕ ಮಗಳನ್ನೇ ನೋಡಿದರು. ಗಿಂಡಿ ಕೆಳಗಿಟ್ಟರು. ಆಮೇಲೆ ಅಳಿಯನ ತೋಳು ಹಿಡಿದು ಹಿಚುಕಿ ನೋಡಿ, "ಗಟ್ಟಿ ಆಗ್ಯಾನ ಖರೆ," ಅಂದರು. ಚಾಪೆಯ ಮೇಲಿದ್ದವರೆಲ್ಲ ಒಮ್ಮೆಲೇ ನಕ್ಕರು. ಮುಕಾದಮರು ಮೂರು ಸಲ ಭಜ್ಜಿ ಹಾಕಿಸಿಕೊಂಡರು, ಮಾವನಿಗೂ ತಾವೇ ಬಡಿಸಿದರು. ಅವತ್ತು ನಾನೂ ಎರಡು ಹೋಳಿಗೆ ತಿಂದೆ. ನನಗೆ ಪಾಸು ಬೇಕಿರಲಿಲ್ಲ.

ತಪಾಸಣೆಯ ದಿನ ಮೊದಲು ರಕ್ತದೊತ್ತಡ ನೋಡಿದರು. ಕಣ್ಣು ಮುಚ್ಚಿ ಒಂಟಿಕಾಲಲ್ಲಿ ನಿಲ್ಲಿಸಿದರು. ನೆಲದಿಂದ ಸ್ವಲ್ಪ ಎತ್ತರದ ತೊಲೆಯ ಮೇಲೆ ನಡೆಸಿದರು. ಮುಕಾದಮರು ಮದುವೆ ಮೆರವಣಿಗೆಯಲ್ಲಿ ನಡೆದ ಹಾಗೆ ನಡೆದರು. ಕೊನೆಗೆ ಬೂಟು, ಹೆಲ್ಮೆಟು, ಬೆಲ್ಟು, ಸ್ಪ್ಯಾನರು ತುಂಬಿದ ಚೀಲ ಎಲ್ಲಾ ಕಟ್ಟಿಕೊಂಡು ತಕ್ಕಡಿ ಹತ್ತಿದರು. ಅವರು ಕೆಳಗೆ ನೋಡಲಿಲ್ಲ, ನನ್ನ ಮುಖ ನೋಡುತ್ತಿದ್ದರು. ತೊಂಬತ್ತೊಂಬತ್ತಕ್ಕೂ ಸ್ವಲ್ಪ ಕೆಳಗೆ ಮುಳ್ಳು ನಿಂತಿತು. ನಾನು ಏನೂ ಹೇಳಬೇಕಾಗಲಿಲ್ಲ, ಹೊರಗೆ ಕಿಟಕಿಗೆ ಮುಖ ಒತ್ತಿ ನಿಂತಿದ್ದ ಅವರ ಹುಡುಗರೇ ಸೀಟಿ ಹೊಡೆದರು.

ಪಾಸು ಕೊಡುವ ಕಾರ್ಯಕ್ರಮ ಆ ವಾರವೇ ಕ್ಯಾಂಟೀನಿನಲ್ಲಿ ಇತ್ತು. ಮನೆಯವರನ್ನೂ ಕರೆದಿದ್ದರು. ಅಡುಗೆ ಮೇಸ್ತ್ರಿ ಹೊಸ ಟೊಪ್ಪಿಗೆ ಹಾಕಿಕೊಂಡು ಒಲೆಯ ಮುಂದೆ ನಿಂತು, ಬಂದವರಿಗೆಲ್ಲ, ತೂಕ ಇಳಿದದ್ದು ತಮ್ಮ ಬೇಳೆಯಿಂದ ಅಂತ ಹೇಳುತ್ತಿದ್ದರು. ಡಾಕ್ಟರು ಮುಕಾದಮರ ಹೆಸರು ಕೂಗಿದರು. ದಪ್ಪ ಕಾಗದ, ಫೋಟೋ, ಮೊಹರು: ಎತ್ತರದಲ್ಲಿ ಕೆಲಸ ಮಾಡಲು ಯೋಗ್ಯ. ಕೈಗೆ ಕೊಡುವಾಗ ಡಾಕ್ಟರು ನನ್ನ ಕಡೆ ತಿರುಗಿ, "ನಾನು ಆಗಲ್ಲ ಅಂದಿದ್ದೆ," ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

ಮುಕಾದಮರು ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದು ಹೆಂಡತಿಗೆ ಕೊಟ್ಟರು. ವೈನಿ ಸೆರಗಿನಿಂದ ಕೈ ಒರೆಸಿಕೊಂಡು ತೆಗೆದುಕೊಂಡರು. ಫೋಟೋ ನೋಡಿದರು, ಮೊಹರು ನೋಡಿದರು, ತಿರುಗಿಸಿ ಹಿಂದೆಯೂ ನೋಡಿದರು. ಆಮೇಲೆ ನನ್ನ ಮುಂದೆ ಹಿಡಿದರು.

"ತಂಗಿ, ನೀ ಓದಿದಾಕಿ, ನೋಡಿ ಹೇಳು. ಇದರಾಗ ನನ್ನ ಹೆಸರು ಎಲ್ಲಿ ಬರದಾರ?"